ಮಂಡಿಗೆ ಕನ್ನ, ಬೆನ್ನಿಗೆ ಸೂಜಿ

ಮಂಡಿಚಿಪ್ಪಿನ ಆಚೀಚೆ ಎರಡು ಪುಟ್ಟ ತೂತು. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಕತ್ತರಿ. ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್‌ನ ಹರಿದ ಚೂರನ್ನು ಎತ್ತಿಕೊಂಡು ಹೋಗುವ ಆರ್ತ್ರೋಸ್ಕೋಪಿ ಒಂದು ಶುದ್ಧ ಕನ್ನಗಳ್ಳತನ. ಆದರೆ ಆ ಕಳ್ಳತನಕ್ಕೆ ಯಾರೂ ಹೆದರುವುದಿಲ್ಲ. "ಬೆನ್ನಿಗೆ ಇಂಜೆಕ್ಷನ್ ಕೊಡೋಣವಾ, ಪೂರ್ತಿ ನಿದ್ದೆ ಬರಿಸೋಣವಾ?" ಎಂದು ಅರಿವಳಿಕೆ ವೈದ್ಯರು ಕೇಳಿದಾಗಲೇ ಕೈಕಾಲು ತಣ್ಣಗಾಗುವುದು.

ನಿದ್ದೆ ಅಂದವರಿಗೆ ಎಚ್ಚರವಾಗದಿದ್ದರೆ ಎಂಬ ಚಿಂತೆ, ಬೆನ್ನು ಅಂದವರಿಗೆ ಸೂಜಿ ಬೆನ್ನುಹುರಿಗೇ ಚುಚ್ಚಿದರೆ ಎಂಬ ಚಿಂತೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದು-ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗಿರುತ್ತದೆ. ಸೂಜಿ ಇಳಿಯುವುದು ಸಾಮಾನ್ಯವಾಗಿ ಮೂರು-ನಾಲ್ಕರ ನಡುವೆ. ಅಲ್ಲಿ ಇರುವುದು ದ್ರವದಲ್ಲಿ ತೇಲುವ ನರದ ಎಳೆಗಳು. ವೈದ್ಯರು ಅದನ್ನು ಕುದುರೆಬಾಲ ಎಂದೇ ಕರೆಯುತ್ತಾರೆ. ಎರಡು-ಮೂರು ಮಿಲೀ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಒಳಹೋದರೆ ಕಾಲು ಮೊದಲು ಬೆಚ್ಚಗೆ, ಆಮೇಲೆ ಜೋಮು, ಆಮೇಲೆ ಭಾರ, ಕೊನೆಗೆ ಬೇರೆ ಯಾರದೋ ಕಾಲು. ಮುಟ್ಟಿದ್ದು, ಎಳೆದದ್ದು ಸ್ವಲ್ಪ ತಿಳಿಯಬಹುದು, ನೋವು ತಿಳಿಯಬಾರದು. ಈ ವ್ಯತ್ಯಾಸ ಗೊತ್ತಿಲ್ಲದವರು ಸ್ಪಿರಿಟ್ ಹತ್ತಿ ತಾಗಿದ್ದಕ್ಕೇ "ಅಯ್ಯೋ, ಹಿಡಿದಿಲ್ಲ!" ಎಂದು ಕೂಗುತ್ತಾರೆ.

ಇದರ ಮೊದಲ ಪರೀಕ್ಷೆಗಳೂ ಕಾಲಿನ ಮೇಲೆಯೇ ನಡೆದವು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ತಮ್ಮ ಸಹಾಯಕ ಹಿಲ್ಡೆಬ್ರಾಂಟ್‌ನ ಬೆನ್ನಿಗೆ ಕೊಕೇನ್ ಚುಚ್ಚಿ, ಮೊಣಕಾಲ ಕೆಳಗಿನ ಮೂಳೆಗೆ ಕಬ್ಬಿಣದ ಸುತ್ತಿಗೆಯಲ್ಲಿ ಬಡಿದರು, ಉರಿಯುವ ಸಿಗಾರ್ ಒತ್ತಿದರು. ಅವನಿಗೆ ನೋವೇ ಇಲ್ಲ! ಅದಕ್ಕೂ ಮುಂಚೆ ಬಿಯರ್ ಸಾಹೇಬರ ಬೆನ್ನಿಗೇ ಸೂಜಿ ಹಾಕಿದಾಗ ಸಿರಿಂಜ್ ಸೂಜಿಗೆ ಕೂರದೆ ಬೆನ್ನೊಳಗಿನ ದ್ರವ ಸೋರಿಹೋಗಿತ್ತು. ಪರಿಣಾಮ, ಒಂಬತ್ತು ದಿನ ಹಾಸಿಗೆ. ಎದ್ದು ಕೂತರೆ ತಲೆ ಸಿಡಿತ, ಮಲಗಿದರೆ ಮಾಯ: ಆ ತಲೆನೋವಿನ ಗುರುತು ಇವತ್ತಿಗೂ ಅದೇ. ಈಗಿನ ಪೆನ್ಸಿಲ್ ಮೊನೆಯ ತೆಳು ಸೂಜಿ ಆ ದ್ರವವನ್ನು ಹಿಡಿದಿಟ್ಟ ಪೊರೆಯ ನಾರನ್ನು ಕತ್ತರಿಸುವ ಬದಲು ಸರಿಸಿಕೊಂಡು ಹೋಗುವುದರಿಂದ ಅದು ಅಪರೂಪ. ಬಂದರೆ ನುಂಗಿಕೊಂಡು ಕೂರದೆ ಹೇಳಿಬಿಡಿ.

ನಿಜವಾಗಿ ಕಾಡುವುದು ಮೂತ್ರ. ಕಾಲಿಗೆ ಜೀವ ಬಂದರೂ ಮೂತ್ರಕೋಶ ಇನ್ನೂ ಮಂಪರಿನಲ್ಲಿರುತ್ತದೆ. ಪೂರ್ತಿ ನಿದ್ದೆಯಲ್ಲಿ ಈ ರಗಳೆ ಕಡಿಮೆ, ಬದಲಿಗೆ ಗಂಟಲು ಕೆರೆತ, ವಾಕರಿಕೆ. ಬಸ್ಸು ಹತ್ತಿದರೆ ವಾಂತಿ ಮಾಡುವವರು ಅದನ್ನು ಮೊದಲೇ ಹೇಳಬೇಕು. ಅಲುಗಾಡುವ ಹಲ್ಲು, ರಕ್ತ ತೆಳುವಾಗಿಸುವ ಮಾತ್ರೆ, ಇವೂ ಮುಚ್ಚಿಡುವ ಗುಟ್ಟುಗಳಲ್ಲ.

ಆಪರೇಷನ್ ಮುಂದೂಡುವ ಖಳನಾಯಕ ಮಾತ್ರ ಕಾಫಿ. ಊಟಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆ ಬಿಡುವು ಎಂಬುದು ಸಾಮಾನ್ಯ ಲೆಕ್ಕ. ಹಾಲು ಬೆರೆತದ್ದು ಊಟದ ಖಾತೆಗೆ. ನಿದ್ದೆ ಬರಿಸಿದಾಗ ಗಂಟಲಿನ ಕಾವಲುಗಾರನೂ ಮಲಗುತ್ತಾನೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಬಹುದು. ಬೆನ್ನಿಗೆ ಕೊಟ್ಟದ್ದು ಸಾಲದೆ ಹೋದರೆ ನಿದ್ದೆಯೇ ಗತಿ, ಹಾಗಾಗಿ ಅವರಿಗೂ ಉಪವಾಸ ತಪ್ಪಿದ್ದಲ್ಲ.

ಇನ್ನು ಸರ್ಜನ್ ಬಂದು ಸರಿಯಾದ ಕಾಲಿಗೆ ಮಾರ್ಕರ್‌ನಲ್ಲಿ ಬಾಣ ಬರೆಯುತ್ತಾರೆ. ಬರೆದ ಮೇಲೆ ಒಂದೆರಡು ನಿಮಿಷ ಕಾಲುಗಳನ್ನು ಅಗಲಿಸಿಕೊಂಡೇ ಇರಿ. ಮಸಿ ಒಣಗುವ ಮುಂಚೆ ಕಾಲಿಗೆ ಕಾಲು ತಾಗಿಸಿದರೆ ಬಾಣ ಎರಡಾಗುತ್ತದೆ.