ಒಂಟೆ ಸಾಕ್ಷಿ ಹೇಳಲ್ಲ

ಊರ ದೇವಸ್ಥಾನದ ಗಂಟೆ ಕಳುವಾಗಿದೆ ಅಂದುಕೊಳ್ಳಿ. ಕದ್ದವನು ಯಾರು ಅಂತ ಪೂಜಾರಿಗೆ ಗೊತ್ತು, ಟ್ರಸ್ಟಿಗಳಿಗೂ ಗೊತ್ತು. ಆದರೆ ಆತ ದೊಡ್ಡ ಮನೆತನದವನು, ಕೇಳುವವರು ಯಾರು? ಮೂವತ್ತೈದು ವರ್ಷ ಕಳೆದ ಮೇಲೆ ಆತ ಅದೇ ಗಂಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ವಾಲಗದ ಸಮೇತ ತಂದು ದೇವರಿಗೆ ಒಪ್ಪಿಸುತ್ತಾನೆ. ಟ್ರಸ್ಟಿಗಳು ಶಾಲು ಹೊದಿಸಿ, ಕಲ್ಲಿನ ಮೇಲೆ ‘ಸೇವಾರ್ಥ’ ಅಂತ ಹೆಸರು ಕೆತ್ತಿಸುತ್ತಾರೆ.

ಇಂಥದ್ದೆಲ್ಲ ನಮ್ಮಲ್ಲಿ ಮಾತ್ರ ಅಂತ ಬೇಜಾರು ಮಾಡಿಕೊಳ್ಳಬೇಡಿ. ಲಂಡನ್ನಿನಲ್ಲಿ ಇದು ಇನ್ನೂ ಅಚ್ಚುಕಟ್ಟಾಗಿ ನಡೆದಿದೆ.

ನಮ್ಮ ಕಥಾನಾಯಕರು ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್. ಹೆಸರು ನಾಲಿಗೆಗೆ ತಿರುಗದಿದ್ದರೆ ಸುಮ್ನೆ ‘ಸಾಹೇಬರು’ ಅನ್ನೋಣ. ಹುಟ್ಟಿದ್ದು 1878ರಲ್ಲಿ, ಬ್ಯಾಂಕ್ ನಡೆಸುತ್ತಿದ್ದ ಶ್ರೀಮಂತರ ಮನೆಯಲ್ಲಿ. ಸೈನ್ಯ ಸೇರಿದರು. ಭಾರತ, ಆಫ್ರಿಕಾ, ಪ್ಯಾಲೆಸ್ತೀನ್ ಅಂತ ಸುತ್ತಿದರು. ಆಮೇಲೆ ಕೋವಿಯನ್ನು ಮನುಷ್ಯರ ಕಡೆಯಿಂದ ಹಕ್ಕಿಗಳ ಕಡೆ ತಿರುಗಿಸಿದರು. ಸಹರಾದ ನಡುವಿನ ಅಹಗ್ಗರ್ ಬೆಟ್ಟಗಳವರೆಗೂ ಹೋಗಿ ಹಕ್ಕಿ ಹುಡುಕಿದರು. ಅರೇಬಿಯಾದ ಹಕ್ಕಿಗಳ ಬಗ್ಗೆ 1954ರಲ್ಲಿ ದಪ್ಪ ಪುಸ್ತಕ ತಂದರು. ಅದರಲ್ಲಿ ಬಹುಪಾಲು ಜಾರ್ಜ್ ಬೇಟ್ಸ್ ಎಂಬವರು ಬರೆದಿಟ್ಟು ತೀರಿಕೊಂಡ ಹಸ್ತಪ್ರತಿಯಿಂದ ಎತ್ತಿದ್ದು ಎಂಬ ಆರೋಪವಿದೆ. ಇರಲಿ, ಸತ್ತವರೇನು ಬಂದು ಕೇಳುತ್ತಾರಾ?

ಸಾಹೇಬರ ಅನುಕೂಲವೇ ಅದು. ಅವರ ಸಾಹಸಗಳೆಲ್ಲ ನಡೆದದ್ದು ಯಾರೂ ನೋಡದ ಜಾಗದಲ್ಲಿ. ಮರುಭೂಮಿಯಲ್ಲಿ ಸಾಕ್ಷಿಗೆ ಅಂತ ಇರುವುದು ಒಂಟೆ. ಒಂಟೆ ಸಾಕ್ಷಿ ಹೇಳಲ್ಲ.

1917ರ ಜೋಳಿಗೆಯ ಕಥೆಯನ್ನೇ ನೋಡಿ. ಪ್ಯಾಲೆಸ್ತೀನಿನ ಬೀರ್‌ಶೆಬಾ ಕದನಕ್ಕೆ ಮುಂಚೆ ಒಬ್ಬ ಬ್ರಿಟಿಷ್ ಸವಾರ ತುರ್ಕಿ ಸೈನಿಕರ ಕಣ್ಣಿಗೆ ಬಿದ್ದು, ಗಾಯವಾದವನಂತೆ ನಟಿಸಿ, ರಕ್ತ ಮೆತ್ತಿದ ಚೀಲವೊಂದನ್ನು ಬೀಳಿಸಿ ಓಡಿದ. ಒಳಗೆ ಸುಳ್ಳು ಯುದ್ಧಯೋಜನೆ. ಶತ್ರು ಮೋಸ ಹೋಗಲಿ ಎಂಬುದು ಲೆಕ್ಕ. ಆ ಐಡಿಯಾವೂ ತಮ್ಮದು, ಕುದುರೆ ಮೇಲಿದ್ದವನೂ ತಾವೇ ಎಂದು ಸಾಹೇಬರು ಬರೆದುಕೊಂಡರು. ಪುಸ್ತಕಗಳು ಹೌದು ಹೌದು ಎಂದವು. ಆಮೇಲೆ ಕಡತ ಕೆದಕಿದವರು ಹೇಳಿದ್ದು ಬೇರೆ: ಯೋಜನೆ ಇನ್ನೊಬ್ಬರದು, ಸವಾರ ಮತ್ತೊಬ್ಬ. ಅಂದರೆ ಮೋಸದ ಕಥೆಯನ್ನೂ ಮೋಸದಿಂದಲೇ ಹೊಡೆದುಕೊಂಡಿದ್ದಾರೆ.

ಡೈರಿಗಳಂತೂ ಎಪ್ಪತ್ತಕ್ಕೂ ಹೆಚ್ಚು ಸಂಪುಟ. ಟೈಪ್ ಮಾಡಿದವು, ಬೇಕಾದಾಗ ಹಾಳೆ ಬದಲಾಯಿಸಬಹುದಲ್ವಾ. ರಷ್ಯಾದ ರಾಜಕುಮಾರಿಯನ್ನು ವಿಮಾನದಲ್ಲಿ ಪಾರು ಮಾಡಿದ್ದು ಅದರಲ್ಲಿದೆ. 1934ರಲ್ಲಿ ಹಿಟ್ಲರ್ ಕೈ ಎತ್ತಿ ‘ಹೈಲ್ ಹಿಟ್ಲರ್’ ಅಂದಾಗ, ಇವರೂ ಕೈ ಎತ್ತಿ ತಮ್ಮ ಹೆಸರಿಗೇ ‘ಹೈಲ್’ ಹಾಕಿಕೊಂಡದ್ದೂ ಇದೆ. ನಮ್ಮೂರ ಅರಳಿಕಟ್ಟೆಯಲ್ಲಿ ಇಷ್ಟು ಹೇಳಿದ್ದರೆ ಮೊದಲ ಬೀಡಿ ಮುಗಿಯುವಷ್ಟರಲ್ಲಿ ಎಬ್ಬಿಸಿ ಕಳಿಸುತ್ತಿದ್ದರು.

ಒಂದು ಮಾತ್ರ ಕಟ್ಟುಕಥೆಯಲ್ಲ. 1905ರ ಅಕ್ಟೋಬರ್‌ನಲ್ಲಿ ಕೀನ್ಯಾದ ನಂದಿ ಜನರ ನಾಯಕ ಕೊಯ್ತಲೆಲ್‌ರನ್ನು ಸಂಧಾನಕ್ಕೆಂದು ಕರೆಸಿ, ಸಾಹೇಬರು ಅಲ್ಲೇ ಗುಂಡಿಟ್ಟು ಕೊಂದರು. ಮೂರು ಸಲ ವಿಚಾರಣೆ ಆಯಿತು, ಮೂರು ಸಲವೂ ಸಾಹೇಬರು ನಿರ್ದೋಷಿ. ಸತ್ತ ನಾಯಕನಿಂದ ತೆಗೆದುಕೊಂಡ, ನಾಯಕತ್ವದ ಗುರುತಿನ ಕೋಲುಗಳು ಕೀನ್ಯಾಕ್ಕೆ ವಾಪಸಾದದ್ದು 2006ರಲ್ಲಿ.

ಈಗ ಗಂಟೆಯ ವಿಷಯಕ್ಕೆ ಬರೋಣ.

ಮ್ಯೂಸಿಯಮ್ಮಿನಲ್ಲಿ ಹಕ್ಕಿ ಇಡುವ ರೀತಿ ಹೀಗೆ: ಮಾಂಸ ತೆಗೆದು, ಚರ್ಮದೊಳಗೆ ಹತ್ತಿ ತುಂಬಿ, ಹೊಟ್ಟೆ ಹೊಲಿದು, ಅಂಗಾತ ಮಲಗಿಸುತ್ತಾರೆ. ಕಾಲಿಗೆ ದಾರದಲ್ಲಿ ಒಂದು ಚೀಟಿ. ಯಾವ ಊರು, ಯಾವ ದಿನ, ಯಾರು ಹಿಡಿದದ್ದು. ಜೀವ ಇರುವುದೇ ಆ ಚೀಟಿಯಲ್ಲಿ. ಅದು ಸುಳ್ಳಾದರೆ ಉಳಿಯುವುದು ಹತ್ತಿ ಮತ್ತು ಪುಕ್ಕ.

ಸಾಹೇಬರು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಹಕ್ಕಿ ಕೋಣೆಗೆ ಬಂದು ಹೋದಾಗಲೆಲ್ಲ ಹಕ್ಕಿ ಕಡಿಮೆಯಾಗುತ್ತಿತ್ತು. 1919ರಲ್ಲಿ 18 ತಿಂಗಳು ಒಳಗೆ ಬರಬೇಡಿ ಎಂದರು. ಆಮೇಲೆ ಮತ್ತೆ ಬನ್ನಿ ಎಂದರು. ಸಿಬ್ಬಂದಿ ದಶಕಗಟ್ಟಲೆ ಅನುಮಾನಗಳನ್ನು ಕಡತದಲ್ಲಿ ಬರೆಯುತ್ತಲೇ ಹೋದರು, ಕೇಸು ಹಾಕುವ ಮಾತೂ ಬಂತು, ಹಾಕಲಿಲ್ಲ. ಯುದ್ಧದಲ್ಲಿ ಪದಕ ಗೆದ್ದ ಕರ್ನಲ್‌ನ ಕೋಟಿನ ಜೇಬು ತಪಾಸಣೆ ಮಾಡುವುದು ಹೇಗೆ ಸ್ವಾಮಿ? ಜೇಬುಗಳ್ಳನಾದರೆ ಕಾಲರ್ ಹಿಡಿಯಬಹುದು. ಸಾಹೇಬರಿಗೆ ಕುರ್ಚಿ ಕೊಡಬೇಕಾಗುತ್ತದೆ.

1954ರಲ್ಲಿ ಅವರು ಸುಮಾರು 20,000 ಹಕ್ಕಿಗಳ ಸಂಗ್ರಹವನ್ನು ಅದೇ ಮ್ಯೂಸಿಯಮ್ಮಿಗೆ ದಾನ ಕೊಟ್ಟರು. ಅದರಲ್ಲಿ ಮ್ಯೂಸಿಯಮ್ಮಿನ ಹಕ್ಕಿಗಳೂ ಇದ್ದವು, ಹೊಸ ಚೀಟಿ ಕಟ್ಟಿಕೊಂಡು, ಹೊಸ ಹತ್ತಿ ತುಂಬಿಸಿಕೊಂಡು. ಮೂರು ವರ್ಷಕ್ಕೆ ಸರ್ಕಾರ ಸಿಬಿಇ ಬಿರುದು ಕೊಟ್ಟಿತು. ಪಕ್ಷಿಶಾಸ್ತ್ರದ ಸೇವೆಗಾಗಿ.

ಇದರ ಬಿಲ್ ಬಂದದ್ದು ನಮ್ಮ ದೇಶಕ್ಕೆ. ಮೈನಾ ಗಾತ್ರದ ಪುಟ್ಟ ಕಾಡುಗೂಬೆ ಒಂದಿದೆ, ಫಾರೆಸ್ಟ್ ಔಲೆಟ್. ಲೋಕಕ್ಕೆಲ್ಲ ಇದ್ದದ್ದು ಬೆರಳೆಣಿಕೆಯಷ್ಟು ಮಾದರಿ, ನಂಬಬಹುದಾದ ಕೊನೆಯದು 1884ರದು. ಸಾಹೇಬರು ಮಾತ್ರ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಒಂದನ್ನು ಹೊಡೆದೆ ಎಂದು ಚೀಟಿ ಕಟ್ಟಿದ್ದರು. ಎಲ್ಲಕ್ಕಿಂತ ಹೊಸ ದಾಖಲೆ ಅದೇ, ಹುಡುಕುವವರು ನಂಬದೆ ಏನು ಮಾಡುತ್ತಾರೆ? ಕೊನೆಗೆ ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಆ ಹಕ್ಕಿಯ ಎಕ್ಸ್‌ರೇ ತೆಗೆಸಿ ನೋಡಿದರು. ಹಕ್ಕಿ ತುಂಬುವ ಕೈ ಒಬ್ಬೊಬ್ಬರದು ಒಂದೊಂದು ಥರ. ಚಕ್ಕುಲಿಯ ಸುತ್ತು ನೋಡಿಯೇ ಇದು ಯಾರ ಮನೆಯದು ಅಂತ ಹೇಳುವ ಅಜ್ಜಿಯರಿಲ್ಲವಾ, ಹಾಗೆ. ಮೇಲೆ ಸಾಹೇಬರ ಹೊಲಿಗೆ ಇದ್ದರೂ ಒಳಗೆ ಸಿಕ್ಕಿದ್ದು 1880ರ ದಶಕದಲ್ಲಿ ಹಕ್ಕಿ ಸಂಗ್ರಹಿಸುತ್ತಿದ್ದ ಜೇಮ್ಸ್ ಡೇವಿಡ್‌ಸನ್‌ರ ಕೈ. ಕದ್ದು, ಬಿಚ್ಚಿ, ಮತ್ತೆ ತುಂಬಿದ ಗೂಬೆ!

ಮಾಂಡ್ವಿಯ ಚೀಟಿಯನ್ನು ಪಕ್ಕಕ್ಕಿಟ್ಟು, ಹಳೆಯ ನಂಬಿಕಸ್ಥರ ಚೀಟಿಗಳಲ್ಲಿದ್ದ ಜಾಗಗಳನ್ನು ಸುತ್ತಿದಾಗ, 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಜೀವಂತ ಗೂಬೆ ಹಾಡಹಗಲೇ ಕೊಂಬೆ ಮೇಲೆ ಕೂತಿತ್ತು. ಪಾಪ, ಅದು ಎಲ್ಲೂ ಹೋಗಿರಲಿಲ್ಲ.

ಇನ್ನೊಂದು ತಮಾಷೆ ಇದೆ. ರಂಗನತಿಟ್ಟು ಉಳಿಯಲು ಮೈಸೂರು ಅರಸರಿಗೆ ಹೇಳಿದ ನಮ್ಮ ಸಲೀಂ ಅಲಿ 1937ರಲ್ಲಿ ಇದೇ ಸಾಹೇಬರ ಜೊತೆ ಅಫ್ಘಾನಿಸ್ತಾನಕ್ಕೆ ಹೋಗಿದ್ದರು. ಸಲೀಂಗೆ ಪುಸ್ತಕದ ವಿದ್ಯೆ ಚೆನ್ನಾಗಿದೆ, ಕೈಕೆಲಸ ಮಾತ್ರ ಬರದು, ಇಂಥವರ ಕೈಗೆ ಭಾರತವನ್ನು ಕೊಡುವುದುಂಟೇ ಎಂಬರ್ಥದಲ್ಲಿ ಸಾಹೇಬರು ಡೈರಿಯಲ್ಲಿ ಗೀಚಿದರು. ಎಷ್ಟೋ ವರ್ಷದ ಮೇಲೆ ಅದನ್ನು ಓದಿದ ಸಲೀಂ ಅಲಿ, ಸಿಟ್ಟಾಗದೆ, ತಮ್ಮ ಆತ್ಮಕಥೆಯಲ್ಲೇ ಅಚ್ಚು ಹಾಕಿಸಿದರು. ಕೈಕೆಲಸದ ವಿಷಯದಲ್ಲಿ ಸಾಹೇಬರ ಮಾತು ಒಪ್ಪಲೇಬೇಕು. ಆ ಮಟ್ಟದ ಕೈಚಳಕ ಸಲೀಂಗೆ ಎಲ್ಲಿಂದ ಬರಬೇಕು?

ಸಾಹೇಬರು 1967ರಲ್ಲಿ ಗೌರವವಾಗಿ ತೀರಿಕೊಂಡರು. ಪಕ್ಷಿತಜ್ಞ ಅಲನ್ ನಾಕ್ಸ್ ಮೊದಲ ಸಾಕ್ಷ್ಯಗಳನ್ನು ಜೋಡಿಸಿ ಪ್ರಕಟಿಸಿದ್ದು 1993ರಲ್ಲಿ. ಎಲ್ಲವೂ ಕದ್ದದ್ದಲ್ಲ ಅನ್ನುವುದೇ ದೊಡ್ಡ ತಲೆನೋವು. ಅಸಲಿಯೂ ನಕಲಿಯೂ ಒಂದೇ ಡ್ರಾಯರ್‌ನಲ್ಲಿ ಅಂಗಾತ ಮಲಗಿವೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಎತ್ತಿ ನೋಡಬೇಕು.

ಅನುಮಾನವೇ ಇಲ್ಲದ ಒಂದು ಪ್ರಾಣಿಯೂ ಇದೆ. 1904ರಲ್ಲಿ ಸಾಹೇಬರು ಆಫ್ರಿಕಾದಿಂದ ಕಳಿಸಿದ ದೈತ್ಯ ಕಾಡುಹಂದಿ. ಹೊಸ ಜಾತಿ ಎಂದು ಗೊತ್ತಾಗಿ, ಅದರ ಶಾಸ್ತ್ರೀಯ ಹೆಸರಿನಲ್ಲಿ ಸಾಹೇಬರ ಹೆಸರನ್ನೇ ಸೇರಿಸಿದರು. ನಾಮಕರಣದ ನಿಯಮದ ಪ್ರಕಾರ, ಆ ಹೆಸರಿನವನ ಬಂಡವಾಳ ಬಯಲಾಯಿತು ಅಂತ ಅದನ್ನು ತೆಗೆಯುವ ಹಾಗಿಲ್ಲ. ಹಂದಿ ಈಗಲೂ ಅದೇ ಹೆಸರು ಹೊತ್ತು ಆಫ್ರಿಕಾದ ಕಾಡಿನಲ್ಲಿ ಕೆಸರು ಹೊಯ್ದುಕೊಂಡು ಓಡಾಡುತ್ತಿದೆ. ಅದನ್ನು ಯಾರೂ ಕೇಳಲಿಲ್ಲ.