ತಿಥಿಯೂ ಮುಗಿದ ನಕ್ಷತ್ರ

2023ರ ಮೇ 19, ಅಮಾವಾಸ್ಯೆ. ಅವತ್ತು ಜಪಾನಿನ ಹವ್ಯಾಸಿ ಖಗೋಳ ವೀಕ್ಷಕ ಕೊಯಿಚಿ ಇತಗಾಕಿ ಎಂ 101 ಗ್ಯಾಲಕ್ಸಿಯಲ್ಲಿ ಒಂದು ಸೂಪರ್ನೋವಾ, ಅಂದರೆ ಸಾಯುವಾಗ ಸಿಡಿದು ಬೆಳಗುವ ನಕ್ಷತ್ರ, ಪತ್ತೆ ಹಚ್ಚಿದರು. ಸಪ್ತರ್ಷಿ ಮಂಡಲದ ಬಾಲದ ಹತ್ತಿರ, ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ ದೂರ. ಸಣ್ಣ ಟೆಲಿಸ್ಕೋಪಿಗೂ ಸಿಗುತ್ತದೆ ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು?

ಆದರೆ ಮೇ ತಿಂಗಳ ಕೊಡಗಿನ ಆಕಾಶವನ್ನು ನಂಬಿ ಕೆಟ್ಟೆ. ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು, ರಾತ್ರಿ ಮಂಜು. ಅಷ್ಟು ವರ್ಷ ದಾರಿ ಸವೆಸಿ ಬಂದ ಬೆಳಕು ನಮ್ಮ ತೋಟದ ಮೇಲಿನ ಮೋಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮಡಿಕೇರಿಗೆ ಬಂದವರೆಲ್ಲ ಮಂಜು ನೋಡಿ ವಾಹ್ ಅಂತಾರೆ. ಅವರ ಹತ್ತಿರ ಟೆಲಿಸ್ಕೋಪ್ ಇಲ್ಲ, ಅದಕ್ಕೆ.

ಐದನೇ ರಾತ್ರಿ ಉತ್ತರ ದಿಕ್ಕು ತೆರೆಯಿತು. ಕಾಫಿ ಒಣಗಿಸುವ ಕಣದಲ್ಲಿ ಸ್ಟ್ಯಾಂಡ್ ಊರಿದೆ. ಒಂದೊಂದು ಫೋಟೋಗೆ 30 ಸೆಕೆಂಡು. ಅಂಥ ನೂರನ್ನು ಒಂದರ ಮೇಲೊಂದು ಕೂಡಿಸಿದರೆ ಗ್ಯಾಲಕ್ಸಿಯ ಮಬ್ಬು ಸುರುಳಿ ಕಾಣಬೇಕು. ಮೊದಲ ಹತ್ತರಲ್ಲಿ ಮಿಂಚುಹುಳಗಳು ಗೆರೆ ಎಳೆದಿದ್ದವು. ಆಮೇಲಿನ ಹತ್ತರಲ್ಲಿ ಗಾಜಿನ ಮೇಲೆ ಇಬ್ಬನಿ. ಹೆಂಡತಿಯ ಹೇರ್ ಡ್ರೈಯರ್ ಕದ್ದು ತಂದು ಬಿಸಿ ಗಾಳಿ ಹಿಡಿದೆ. ಕರೆಂಟು ಹೋಯಿತು.

ಅಷ್ಟರಲ್ಲಿ ಫೋಟೋದಲ್ಲಿ ಕೆಂಪು ಚುಕ್ಕೆ! ಕುಣಿದೇಬಿಟ್ಟೆ. ಮುಂದಿನ ಫೋಟೋ ನೋಡಿದರೆ ನಕ್ಷತ್ರಗಳೆಲ್ಲ ಕೂದಲೆಳೆಯಷ್ಟು ಸರಿದಿವೆ, ಚುಕ್ಕೆ ಮಾತ್ರ ಕದಲಿಲ್ಲ. ನನ್ನ ಕ್ಯಾಮೆರಾದ್ದೇ ಕೆಟ್ಟ ಪಿಕ್ಸೆಲ್.

ಕುಣಿದ ಸದ್ದಿಗೆ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಓಡಿ ಬಂದು, ದೊಡ್ಡ ಟಾರ್ಚನ್ನು ನೇರ ಟೆಲಿಸ್ಕೋಪಿಗೇ ಬಿಟ್ಟರು.

"ಆನೆ ಬಂತಾ ಸಾರ್?"

"ಇಲ್ಲ. ಒಂದು ನಕ್ಷತ್ರ ಸತ್ತಿದೆ."

"ಅಯ್ಯೋ, ಯಾವಾಗ?"

"2 ಕೋಟಿ 10 ಲಕ್ಷ ವರ್ಷದ ಹಿಂದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ತಿಥಿನೂ ಮುಗಿದಿರುತ್ತೆ. ಮಲಗಿ ಸಾರ್, ಬೆಳಿಗ್ಗೆ ನೋಡೋಣ."

ಮಲಗಲಿಲ್ಲ. ಉಳಿದದ್ದರಲ್ಲಿ 41 ಫೋಟೋ ಸರಿಯಾಗಿ ಬಂದವು. ಬೆಳಿಗ್ಗೆ ಅವನ್ನು ಕೂಡಿಸಿ, ಹಳೆಯ ಚಿತ್ರದ ಪಕ್ಕ ಇಟ್ಟೆ. ಸುರುಳಿಯ ಒಂದು ತೋಳಿನಲ್ಲಿ, ಮೊದಲು ಏನೂ ಇರದಿದ್ದ ಕಡೆ, ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕೆ. ಅಮ್ಮನನ್ನು ಕರೆದು ತೋರಿಸಿದೆ.

"ಎಲ್ಲೋ?" ಅಂತ ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಎಷ್ಟು ಧೂಳು ಮಾಡಿಟ್ಟಿದ್ದೀಯಾ!" ಎನ್ನುತ್ತಾ ಸೆರಗಿನಿಂದ ಕಂಪ್ಯೂಟರ್ ಪರದೆಯನ್ನು ಗಸಗಸ ಉಜ್ಜಿದರು.

ನನ್ನ ಉಸಿರೇ ನಿಂತಿತ್ತು. ಎರಡು ಚುಕ್ಕೆಯಲ್ಲಿ ಒಂದು ಹೋಯಿತು.

ಸದ್ಯ, ಸೂಪರ್ನೋವಾ ಇನ್ನೊಂದು.