ಲೆಸೊಥೊ ದಕ್ಷಿಣ ಆಫ್ರಿಕಾದ ರಾಜ್ಯವಲ್ಲ

'ಲೆಸೊಥೊ ಎಂಬುದು ದಕ್ಷಿಣ ಆಫ್ರಿಕಾದೊಳಗಿನ ಒಂದು ರಾಜ್ಯ, ಬರೀ ಬಿಸಿಲು ನಾಡು' ಎಂಬ ಸಂದೇಶ ನಕ್ಷೆಯ ಸಮೇತ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ನಕ್ಷೆ ಸರಿಯಾಗಿಯೇ ಇದೆ. ಲೆಸೊಥೊದ ಸುತ್ತಲೂ ಇರುವುದು ದಕ್ಷಿಣ ಆಫ್ರಿಕಾ ಒಂದೇ. ಆದರೆ ಇದು 1966ರ ಅಕ್ಟೋಬರ್ 4ರಂದು ಬ್ರಿಟಿಷರಿಂದ ಬಿಡುಗಡೆ ಪಡೆದ ಸ್ವತಂತ್ರ ದೇಶ. ಅದಕ್ಕೆ ರಾಜನಿದ್ದಾನೆ, ಸಂಸತ್ತಿದೆ, ರಾಜಧಾನಿ ಮಸೇರು ಇದೆ.

ಈ ದೇಶ ಉಳಿದುಕೊಂಡ ಕತೆ ನನಗೆ ತುಂಬಾ ಇಷ್ಟ. 1824ರಲ್ಲಿ ಮೊಶ್ವೇಶ್ವೆ ಎಂಬ ನಾಯಕ ತನ್ನ ಜನರನ್ನು ಥಾಬಾ ಬೊಸಿಯು ಬೆಟ್ಟಕ್ಕೆ ಕರೆತಂದ. ಬೆಟ್ಟದ ಸುತ್ತ ಕಡಿದಾದ ಬಂಡೆ, ಮೇಲೆ ಸಪಾಟು ನೆಲ, ಕುಡಿಯಲು ಒರತೆ ನೀರು. ಯುದ್ಧಗಳಿಂದ ದಿಕ್ಕೆಟ್ಟು ಬಂದವರಿಗೂ ಅಲ್ಲಿ ಜಾಗ ಸಿಕ್ಕಿತು. ಬಸೊಥೊ ಜನಾಂಗ ಬೆಳೆದದ್ದು ಹೀಗೆ. ಡಚ್ ಮೂಲದ ವಲಸಿಗರಾದ ಬೋಯರ್‌ಗಳ ಸೇನೆಗೂ ಆ ಬೆಟ್ಟ ದಕ್ಕಲಿಲ್ಲ. ಆದರೂ ಬಯಲಿನ ಒಳ್ಳೆಯ ಹೊಲಗಳು ಕೈಬಿಟ್ಟು ಹೋದವು. ಕೊನೆಗೆ 1868ರಲ್ಲಿ ಆತ ಬ್ರಿಟಿಷರ ರಕ್ಷಣೆ ಪಡೆದ. 1910ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟ ರಚನೆಯಾದಾಗಲೂ ಈ ನಾಡು ಹೊರಗೇ ಉಳಿಯಿತು.

ಇನ್ನು ಬಿಸಿಲಿನ ಮಾತು. ಇಡೀ ದೇಶ 1,000 ಮೀಟರ್‌ಗಿಂತ ಎತ್ತರದಲ್ಲಿದೆ. ಜೂನ್, ಜುಲೈನಲ್ಲಿ ಅಲ್ಲಿ ಚಳಿಗಾಲ, ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ. ದಪ್ಪ ಉಣ್ಣೆ ಕಂಬಳಿ ಹೊದ್ದು ಕುದುರೆ ಮೇಲೆ ಹೋಗುವ ಕುರಿಗಾಹಿಗಳ ಫೋಟೊ ಸುಮ್ನೆ ಪೋಸು ಅಲ್ಲ, ಅಲ್ಲಿನ ದಿನದ ಉಡುಪೇ ಅದು.